ನಮ್ಮ ಮಕ್ಕಳಿಗೊಂದು ಪ್ರೇಮಕಾದಂಬರಿ ಬರೆದುಕೊಡಿ: ಮುಂಬಯಿಯ ಕನ್ನಡ ಕತೆಗಾರರಿಗೆ ಬಹಿರಂಗ ಪತ್ರ



ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಹದಿನಾಲ್ಕರಿಂದ ಹದಿನೇಳರ ವಯಸ್ಸಿನ ನಮ್ಮ ಹುಡುಗ ಹುಡುಗಿಯರಿಗಾಗಿ ಒಂದು ಪ್ರೇಮಕಾದಂಬರಿ ಬರೆದುಕೊಡಿ. ಕತೆ ಈ ಊರಿನಲ್ಲೇ ನಡೆಯಲಿ. ಮೊದಲ ಪುಟದಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಇಬ್ಬರಿರಲಿ, ಒಂದೇ ಬಹುಮಾನಕ್ಕೋ ಒಂದೇ ಪಾತ್ರಕ್ಕೋ ಜಿದ್ದಿಗೆ ಬಿದ್ದವರು. ಕೊನೆಯ ಪುಟದ ಹೊತ್ತಿಗೆ ಅವರಿಬ್ಬರೂ ಒಬ್ಬರಿಗೊಬ್ಬರು ಬೇಕಾದವರಾಗಿರಲಿ. ಅಜ್ಜಿ ಆ ಪುಸ್ತಕವನ್ನು ಕೈಗೆತ್ತಿಕೊಂಡು ಎಲ್ಲಿಂದ ಬೇಕಾದರೂ ನಾಲ್ಕು ಪುಟ ಓದಲಿ, ಮೊಮ್ಮಗಳು ಅದನ್ನು ದಿಂಬಿನಡಿ ಬಚ್ಚಿಡುವ ಪ್ರಮೇಯ ಬರದಿರಲಿ.

ನಾನು ಭಾನುವಾರ ಬೆಳಿಗ್ಗೆ ಮುಲುಂಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಓದಿಸುವವಳು. ಬರುವವರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದ ಮಕ್ಕಳು. ಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಾಪ್ರ ಕನ್ನಡವೋ, ಬಿಲ್ಡಿಂಗಿನ ಕೆಳಗೆ ಆಟಕ್ಕಿಳಿದರೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಮರಾಠಿ. 2020ರ ಕಾಯ್ದೆಯ ನಂತರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅದು ಸರಿಯಾಗಿಯೇ ಇದೆ, ಬದುಕುವ ನೆಲದ ಭಾಷೆ ಬರಬೇಕು. ಇಷ್ಟೆಲ್ಲದರ ನಡುವೆಯೂ ಕನ್ನಡದ ಅಕ್ಷರಗಳು ಈ ಮಕ್ಕಳಿಗೆ ಬೇಗ ಒಲಿಯುತ್ತವೆ. ಆಮೇಲೆ ಏನು ಓದಲು ಕೊಡಲಿ ಎಂಬಲ್ಲಿ ನನ್ನ ಕೈ ಖಾಲಿಯಾಗುತ್ತದೆ. ಪಂಚತಂತ್ರ, ತೆನಾಲಿ ರಾಮ ಅವರಿಗೆ ಚಿಕ್ಕದಾಯಿತು. ಚಿತ್ತಾಲರ ‘ಶಿಕಾರಿ’ ಇನ್ನೂ ದೊಡ್ಡದು. ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಕೊಟ್ಟರೆ ಖುಷಿಯಿಂದ ಓದುತ್ತಾರೆ. ಆದರೆ ಒಂಬತ್ತನೆಯ ತರಗತಿಯ ಹುಡುಗಿ ಪುಸ್ತಕ ಹಿಂದಿರುಗಿಸುತ್ತ ಮೆಲ್ಲಗೆ ಕೇಳುವುದು ಬೇರೆಯದನ್ನು: ‘ಟೀಚರ್, ಕನ್ನಡದಲ್ಲಿ ನಮ್ಮ ಏಜಿನವರ ಲವ್ ಸ್ಟೋರಿ ಇಲ್ವಾ?’

ಹಾಗೆ ಕೇಳುವ ಹುಡುಗಿಯ ಚೀಲದಲ್ಲಿ ಬಹಳ ಸಲ ಕೊಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ ಇರುತ್ತದೆ. 2016ರಲ್ಲಿ ಬಂದ ಆ ಕಾದಂಬರಿ ಗಂಡನ ಹೊಡೆತ ತಿನ್ನುವ ಹೆಣ್ಣೊಬ್ಬಳ ಕತೆ, ದೊಡ್ಡವರಿಗಾಗಿ ಬರೆದದ್ದು. ಗೆಳತಿಯರೆಲ್ಲ ಓದುತ್ತಿದ್ದಾರೆಂದು ಇವಳೂ ಓದುತ್ತಾಳೆ. ಇವಳ ವಯಸ್ಸಿಗೆ ಸಲ್ಲುವ ಇಂಗ್ಲಿಷ್ ಪುಸ್ತಕಗಳೂ ಇವೆ. ಜೆನ್ನಿ ಹಾನ್ ಅವರ 2014ರ ‘ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್’ ಅಂಥದ್ದು, ನಾನೇ ಓದಿ ಮಕ್ಕಳಿಗೆ ಕೊಟ್ಟಿದ್ದೇನೆ. ಆದರೆ ಅಲ್ಲಿನ ಶಾಲೆ ಅಮೆರಿಕದ್ದು, ಅಲ್ಲಿನ ಹುಡುಗ ಕಾರು ಓಡಿಸಿಕೊಂಡು ಬರುತ್ತಾನೆ, ಹುಡುಗಿಗೆ ಬಾಗಿಲು ಹಾಕಿಕೊಳ್ಳಲು ತನ್ನದೇ ಒಂದು ಕೋಣೆ ಇದೆ. ಒಂದೇ ಕೋಣೆ ಮತ್ತು ಅಡುಗೆಮನೆಯಲ್ಲಿ ಐದು ಜನ ಮಲಗುವ ಭಾಂಡುಪಿನ ಹುಡುಗಿಗೆ ಆ ಕತೆಯಲ್ಲಿ ಮನಸ್ಸಿನ ಸಂಗತಿಗಳೆಲ್ಲ ತನ್ನವೇ ಎನಿಸುತ್ತವೆ, ಸುತ್ತಲಿನದು ಯಾವುದೂ ತನ್ನದಾಗಿರುವುದಿಲ್ಲ. ಅಮೆರಿಕದ ಶಾಲೆಯ ಪ್ರಾಮ್ ಎಂದರೇನೆಂದು ಅವಳು ಬಲ್ಲಳು. ಸಾಯನ್ ಸ್ಟೇಷನ್ನಿನ ಸೇತುವೆಯ ಮೇಲೆ ಜಗಳವಾಡಿ ಮಾತು ಬಿಟ್ಟ ಇಬ್ಬರ ಕತೆಯನ್ನು ಅವಳು ಯಾವ ಭಾಷೆಯಲ್ಲೂ ಓದಿಲ್ಲ.

ಈ ಕೊರತೆಯನ್ನು ನಿಮ್ಮ ಮುಂದೆ ಇಡುವುದಕ್ಕೆ ಕಾರಣವಿದೆ. ಕನ್ನಡದ ಶ್ರೇಷ್ಠ ನಗರ ಕತೆಗಳಲ್ಲಿ ದೊಡ್ಡ ಪಾಲು ಈ ಊರಿನಿಂದಲೇ ಬಂದದ್ದು. ಬಾಂದ್ರಾದ ಕಡಲ ಬದಿಯ ಮನೆಯಲ್ಲಿ ಕೂತು ಯಶವಂತ ಚಿತ್ತಾಲರು ಬರೆದರು, ‘ಶಿಕಾರಿ’ 1979ರಲ್ಲಿ ಬಂತು. ವ್ಯಾಸರಾಯ ಬಲ್ಲಾಳರು ಇಲ್ಲಿನ ಕಾರ್ಮಿಕರ ಬದುಕನ್ನು ‘ಬಂಡಾಯ’ದಲ್ಲಿ ಹಿಡಿದರು, 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಿಂದ ಹೋಗಿ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ಚಾಳಿನ ಕಾರಿಡಾರು, ಲೋಕಲ್ಲಿನ ಕಿಟಕಿ, ಸಿನಿಮಾ ಟಾಕೀಸಿನ ಕತ್ತಲು ಇವೆಲ್ಲ ಕನ್ನಡದಲ್ಲಿ ಉಸಿರಾಡಬಲ್ಲವು ಎಂದು ತೋರಿಸಿಕೊಟ್ಟವರು ಇವರು. ಆದರೆ ಈ ಕತೆಗಳನ್ನೆಲ್ಲ ಬರೆದದ್ದು ಬದುಕಿನಲ್ಲಿ ಒಂದಷ್ಟು ಸೋತು ಗೆದ್ದು ಬಂದ ಓದುಗರಿಗಾಗಿ. ಹತ್ತನೆಯ ತರಗತಿಯವರನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಕತೆಗಳಲ್ಲ ಅವು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಇಲ್ಲಿನ ನಮ್ಮ ಬರವಣಿಗೆಯಲ್ಲಿ ಊರಿನ ಹಂಬಲ ಬಹಳ. ಅಂಗಳ, ಗದ್ದೆ, ಕಂಬಳ, ಅಜ್ಜಿಮನೆಯ ಹಲಸಿನ ಮರ. ನಿಮಗೆ ಅದು ನಿಜವಾದ ಬಾಲ್ಯ, ಬರೆಯಲೇಬೇಕು. ಆದರೆ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಊರೆಂದರೆ ಮೇ ತಿಂಗಳ ರಜೆ ಮಾತ್ರ. ಅವರು ಮೊದಲ ಸಲ ಸೈಕಲ್ಲಿನಿಂದ ಬಿದ್ದದ್ದು ಕಾಂದಿವಲಿಯಲ್ಲಿ. ಅವರ ಮೊದಲ ಪ್ರೀತಿಯೂ ಅಲ್ಲೇ ಎಲ್ಲೋ ಆಗುತ್ತದೆ. ಅದನ್ನು ಕನ್ನಡದಲ್ಲಿ ಬರೆಯುವವರು ನೀವಲ್ಲದೆ ಬೇರೆ ಯಾರಿದ್ದಾರೆ?

ಜಗಳದಿಂದ ಹುಟ್ಟುವ ಪ್ರೀತಿಯ ಕತೆಯೇ ಏಕೆ ಬೇಕು ಎಂದು ಕೇಳಬಹುದು. ಈ ನಗರದಲ್ಲಿ ಬೆಳೆಯುವ ಮಗು ಇನ್ನೊಂದು ಮಗುವನ್ನು ಮೊದಲು ಕಾಣುವುದೇ ಎದುರಾಳಿಯಾಗಿ. ಎಂಟನೆಯ ತರಗತಿಗೆ ಕೋಚಿಂಗ್ ಕ್ಲಾಸು ಶುರು. ಕ್ಲಾಸಿನ ಗೋಡೆಯ ಮೇಲೆ ವಾರದ ಪರೀಕ್ಷೆಯ ರ‍್ಯಾಂಕು ಹಚ್ಚುತ್ತಾರೆ. ಹತ್ತರ ಬೋರ್ಡು ಮುಗಿದರೆ ಹನ್ನೊಂದನೆಯ ತರಗತಿಯ ಆನ್‌ಲೈನ್ ಪ್ರವೇಶ. ಒಂದನೆಯ ಪಟ್ಟಿ, ಎರಡನೆಯ ಪಟ್ಟಿ, ಕಟ್ ಆಫ್. ರುಯಿಯಾ ಕಾಲೇಜು ಒಂದೇ ಅಂಕದಲ್ಲಿ ತಪ್ಪಿಹೋದ ಹುಡುಗನಿಗೆ, ಆ ಅಂಕ ಪಡೆದವರು ಯಾರೆಂದು ಗೊತ್ತಿರುತ್ತದೆ. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲೂ ಭಾಷಣ ಸ್ಪರ್ಧೆ, ಭಾವಗೀತೆ ಸ್ಪರ್ಧೆ, ಕ್ರೀಡಾಕೂಟ. ಪಕ್ಕದವಳನ್ನು ಒಂದು ಸಂಖ್ಯೆಯಾಗಿ ನೋಡುವುದನ್ನು ವರ್ಷಗಟ್ಟಲೆ ಕಲಿಸಿದ ಮೇಲೆ, ಅವಳೊಬ್ಬಳು ಮನುಷ್ಯಳು, ರಾತ್ರಿ ಹನ್ನೊಂದಕ್ಕೆ ಅವಳ ಮನೆಯಲ್ಲೂ ಅಪ್ಪ ಅಮ್ಮ ದುಡ್ಡಿನ ವಿಷಯಕ್ಕೆ ಮಾತು ಬೆಳೆಸುತ್ತಾರೆ ಎಂದು ಯಾರು ಹೇಳಿಕೊಡುತ್ತಾರೆ? ಭಾಷಣದಿಂದ ಇದು ಆಗುವುದಿಲ್ಲ. ಕತೆಯಿಂದ ಆಗುತ್ತದೆ, ಅದರಲ್ಲೂ ಜಿದ್ದು ನಿಧಾನವಾಗಿ ಕರಗಿ ಇನ್ನೇನೋ ಆಗುವ ಕತೆಯಿಂದ.

ಈ ಜಾತಿಯ ಕತೆ ನಮಗೆ ಹೊಸದೇನಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆ ಹೆಂಗಸರೇ ಆಳುವ ನಾಡನ್ನು ಹೊಗುತ್ತದೆ. ಅಲ್ಲಿನ ಪ್ರಮೀಳೆ ಕುದುರೆಯನ್ನು ಕಟ್ಟಿಹಾಕುತ್ತಾಳೆ. ಹಿಂದೆ ಬಂದ ಅರ್ಜುನನ ಜೊತೆ ಮಾತಿಗೆ ಮಾತು, ಬಾಣಕ್ಕೆ ಬಾಣ, ಕೊನೆಗೆ ಮದುವೆ. ಯಕ್ಷಗಾನದಲ್ಲಿ ‘ಪ್ರಮೀಳಾರ್ಜುನ’ ನೋಡಿದವರಿಗೆ ಗೊತ್ತು, ಜನ ಕಾದು ಕೂರುವುದು ಆ ಮದುವೆಗಲ್ಲ, ಅದಕ್ಕೆ ಮುಂಚಿನ ವಾದಕ್ಕೆ. ‘ಮೀನಾಕ್ಷಿ ಕಲ್ಯಾಣ’ದಲ್ಲೂ ದಿಗ್ವಿಜಯಕ್ಕೆ ಹೊರಟ ಪಾಂಡ್ಯರ ಮಗಳು ಕೈಲಾಸಕ್ಕೇ ದಂಡೆತ್ತಿ ಹೋಗುತ್ತಾಳೆ. ಮಳೆಗಾಲದಲ್ಲಿ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬಂದು ಆಟ ಕೊಡುವಾಗ ಇಂಥ ಪ್ರಸಂಗಗಳಿಗೆ ಸಭಾಗೃಹ ತುಂಬುತ್ತದೆ.

ಈ ಪ್ರಸಂಗಗಳನ್ನು ನಾನು ಪ್ರೀತಿಯಿಂದಲೇ ನೋಡುತ್ತೇನೆ. ಆದರೂ ಹದಿನೈದರ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಾಗ ಒಂದು ಸಂಗತಿ ಚುಚ್ಚುತ್ತದೆ. ಕೊನೆಗೆ ಆಯುಧ ಕೆಳಗಿಡುವವಳು ಹೆಚ್ಚಾಗಿ ಹೆಣ್ಣೇ. ಶಿವನೆದುರು ನಿಂತ ಗಳಿಗೆಯಲ್ಲಿ ಮೀನಾಕ್ಷಿಯ ಶೌರ್ಯವೆಲ್ಲ ನಾಚಿಕೆಯಾಗಿಬಿಡುತ್ತದೆ. ಇದೇ ಜಾಡು ಆಧುನಿಕ ರಂಗಭೂಮಿಗೆ, ಸಿನಿಮಾಕ್ಕೆ ಬಂದಾಗ ಇನ್ನೂ ಒರಟಾಯಿತು. ಷೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದ ಶ್ರೂ’ ಪರ್ವತವಾಣಿಯವರ ಕೈಯಲ್ಲಿ ‘ಬಹದ್ದೂರ ಗಂಡ’ ಎಂಬ ನಾಟಕವಾಯಿತು, ಅದರಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು. ನಾಡಿಗೆ ನಾಡೇ ಆ ಸಿನಿಮಾ ನೋಡಿ ನಕ್ಕಿತು. ಸೊಕ್ಕಿನ ಹುಡುಗಿಯನ್ನು ಬಗ್ಗಿಸಿ ದಾರಿಗೆ ತರುವುದೇ ಪ್ರೀತಿ ಎಂಬ ಪಾಠವೂ ಆ ನಗುವಿನ ಜೊತೆಯಲ್ಲೇ ಮನೆ ಹೊಕ್ಕಿತು. ಅದರ ಮುಂದಿನ ತಲೆಮಾರಿನ ನಾಯಕರು ಬಸ್‌ಸ್ಟಾಪಿನಿಂದ ಮನೆಯ ಬಾಗಿಲವರೆಗೆ ಹುಡುಗಿಯ ಬೆನ್ನು ಬಿದ್ದರು. ಅವಳು ಬೇಡವೆಂದಷ್ಟೂ ಒಲಿಯುತ್ತಿದ್ದಾಳೆಂದು ಪ್ರೇಕ್ಷಕರು ತಿಳಿದರು. ನನ್ನ ತರಗತಿಯ ಹುಡುಗರು ಒಳ್ಳೆಯವರು. ಆದರೆ ಹುಡುಗಿಯೊಬ್ಬಳನ್ನು ಮೆಚ್ಚಿದಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಅವರ ಕಣ್ಣೆದುರು ಇರುವ ಮಾದರಿ ಇಂಥದ್ದು. ಇದಕ್ಕಿಂತ ಒಳ್ಳೆಯದನ್ನು ಅವರಿಗೆ ಕೊಡುವ ಕೆಲಸವನ್ನು ಕಾದಂಬರಿ ಮಾಡಬೇಕು.

ಕನ್ನಡದಲ್ಲಿ ಒಳ್ಳೆಯ ಮಾದರಿಯೂ ಇದೆ. 1963ರಲ್ಲಿ, ಇನ್ನೂ ಮೂವತ್ತೈದು ತುಂಬದೆ ತೀರಿಕೊಂಡ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ನೆನೆಯಿರಿ. ಆಸ್ತಿ ಕೈತಪ್ಪುತ್ತದೆಂದು ತಿಳಿದು ದೂರ ಸರಿದ ಹುಡುಗ ಮುಂದೆ ಪೆಟ್ಟಾಗಿ ಮಲಗಿದಾಗ ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಅವಳು ಒಲ್ಲೆ ಎನ್ನುತ್ತಾಳೆ. ನಮ್ಮ ಅಜ್ಜಿಯಂದಿರು ಮಧ್ಯಾಹ್ನದ ಕೆಲಸ ಮುಗಿಸಿ ಓದಿದ ಕಾದಂಬರಿ ಅದು. ಹೆಣ್ಣೊಬ್ಬಳ ನಿರಾಕರಣೆಯನ್ನು ಅಷ್ಟು ಘನತೆಯಿಂದ ಬರೆದ ಭಾಷೆಯಲ್ಲಿ, ಹೆಣ್ಣೊಬ್ಬಳ ಒಪ್ಪಿಗೆಯನ್ನೂ ಅಷ್ಟೇ ಘನತೆಯಿಂದ ಬರೆಯಲು ಸಾಧ್ಯವಿದೆ.

ಹೊರಗಿನಿಂದ ಎರಡು ಪುಸ್ತಕಗಳನ್ನು ತಂದು ನಿಮ್ಮ ಮೇಜಿನ ಮೇಲಿಡುತ್ತೇನೆ. ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ನಿಮ್ಮಲ್ಲಿ ಎಲ್ಲರೂ ಓದಿರುವುದೇ. ಅಲ್ಲಿ ಮನಸ್ಸು ತಿರುಗುವುದು ಒಂದು ಕಾಗದ ಓದಿದಾಗ. ಡಾರ್ಸಿಯ ಪತ್ರವನ್ನು ಎಲಿಜಬೆತ್ ಮತ್ತೆ ಮತ್ತೆ ಓದುತ್ತಾಳೆ, ತನ್ನ ತೀರ್ಪು ಎಲ್ಲಿ ತಪ್ಪಿತು ಎಂದು ಹುಡುಕುತ್ತಾಳೆ. ಕೈ ಕೈ ತಾಗದೆ ಒಂದು ಪ್ರೇಮಕತೆಯ ನಡುಭಾಗವಿಡೀ ಹೀಗೆ ನಡೆದುಹೋಗುತ್ತದೆ.

ಮಕ್ಕಳಿಗೆ ಇನ್ನೂ ಹತ್ತಿರದ್ದು ಕೆನಡಾದ ಎಲ್. ಎಂ. ಮಾಂಟ್‌ಗೊಮರಿ 1908ರಲ್ಲಿ ಬರೆದ ‘ಆನ್ ಆಫ್ ಗ್ರೀನ್ ಗೇಬಲ್ಸ್’. ಕೆಂಪು ಕೂದಲಿನ ಅನಾಥ ಹುಡುಗಿ ಆನ್‌ಳನ್ನು ತರಗತಿಯ ಜಾಣ ಗಿಲ್ಬರ್ಟ್ ‘ಕ್ಯಾರೆಟ್’ ಎಂದು ಕೀಟಲೆ ಮಾಡುತ್ತಾನೆ. ಅವಳು ಸ್ಲೇಟನ್ನು ಅವನ ತಲೆಯ ಮೇಲೆ ಕುಟ್ಟಿ ಒಡೆಯುತ್ತಾಳೆ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಮಾತಿಲ್ಲ, ಮೊದಲ ಸ್ಥಾನಕ್ಕೆ ಪೈಪೋಟಿ ಮಾತ್ರ. ಈ ಪೈಪೋಟಿಯಲ್ಲಿ ಇಬ್ಬರೂ ಬೆಳೆಯುವುದನ್ನು ಗಮನಿಸಿ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಅಷ್ಟು ಓದುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಆನ್ ಮನೆಯ ಕಷ್ಟಕ್ಕಾಗಿ ಕಾಲೇಜು ಬಿಟ್ಟು ಊರಲ್ಲೇ ಉಳಿಯಬೇಕಾಗಿ ಬಂದಾಗ, ಗಿಲ್ಬರ್ಟ್ ತನಗೆ ಸಿಕ್ಕಿದ್ದ ಊರ ಶಾಲೆಯ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟು ದೂರದ ಶಾಲೆಗೆ ಹೋಗುತ್ತಾನೆ. ಆಗ ಅವರು ಸ್ನೇಹಿತರಾಗುತ್ತಾರೆ, ಅಷ್ಟೇ. ಪ್ರೀತಿಯ ಮಾತು ಬರುವುದು ಮೂರನೆಯ ಪುಸ್ತಕದಲ್ಲಿ, 1915ರಲ್ಲಿ. ಅಲ್ಲೂ ಮೊದಲ ಸಲ ಅವಳು ಬೇಡವೆನ್ನುತ್ತಾಳೆ, ಅವನು ಅದನ್ನು ಗೌರವಿಸಿ ದೂರ ಸರಿಯುತ್ತಾನೆ. ಹದಿಹರೆಯದ ಪ್ರೀತಿಗೆ ಇಷ್ಟು ಕಾಲ ಕೊಡಬಹುದು ಎಂಬ ಧೈರ್ಯ ನನಗೆ ಬಂದದ್ದು ಈ ಪುಸ್ತಕಗಳಿಂದ.

ನನ್ನ ಮನಸ್ಸಿನಲ್ಲಿರುವುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ: ಎದುರಾಳಿಯಷ್ಟು ನಮ್ಮನ್ನು ಗಮನಿಸುವವರು ಇನ್ನೊಬ್ಬರಿಲ್ಲ. ನಾವು ಎಲ್ಲಿ ಗಟ್ಟಿ, ಎಲ್ಲಿ ತಡವರಿಸುತ್ತೇವೆ ಎಂದು ಅಪ್ಪ ಅಮ್ಮನಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಆ ಗಮನ ಸೋಲಿಸುವ ಆಸೆಯಿಂದ ಶುರುವಾಗಿ, ಒಂದು ದಿನ ಆಸೆ ಕಳಚಿಬಿದ್ದು, ಗಮನ ಮಾತ್ರ ಉಳಿಯುತ್ತದೆ. ಆ ದಿನವನ್ನು ನೀವು ಬರೆಯಬೇಕು. ಯಾರೂ ಬೇಕೆಂದು ಸೋಲಬಾರದು. ಅವಳು ಅವನಿಗಾಗಿ ತನ್ನ ಜಾಣತನವನ್ನು ಮುಚ್ಚಿಟ್ಟುಕೊಳ್ಳಬಾರದು, ಅವನು ದಯೆ ತೋರಿ ಗೆಲುವು ಬಿಟ್ಟುಕೊಡಬಾರದು.

ಮುಂಬಯಿಯಲ್ಲಿ ಇದು ಎಲ್ಲಿ ನಡೆದೀತು ಎಂದು ನಾನು ಬಹಳ ಯೋಚಿಸಿದ್ದೇನೆ. ಉಪನಗರದ ಮಕ್ಕಳ ಯಕ್ಷಗಾನ ತರಗತಿಯಲ್ಲಿ ನಡೆಯಬಹುದು. ಒಬ್ಬ ಹುಡುಗ, ಉಡುಪಿ ಕಡೆಯ ಹೋಟೆಲ್ಲಿನವರ ಮಗ, ಮುಲುಂಡಿನಲ್ಲಿ ಫ್ಲ್ಯಾಟು, ಇಂಗ್ಲಿಷ್ ಶಾಲೆ, ಮನೆಮಾತು ತುಳು. ಯಕ್ಷಗಾನ ಅವನ ಅಜ್ಜನಿಂದ ಬಂದದ್ದು, ಹೆಜ್ಜೆ ಅವನ ಕಾಲಲ್ಲೇ ಇದೆ, ಆದರೆ ಅರ್ಥ ಹೇಳಲು ನಿಂತರೆ ಕನ್ನಡ ತೊಡರುತ್ತದೆ. ಇನ್ನೊಬ್ಬಳು ಹುಡುಗಿ. ಅವಳ ಅಪ್ಪ ಅಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಬೆಳಿಗ್ಗೆ ನಾಕಾದಲ್ಲಿ ನಿಂತು ಅಂದಿನ ಕೆಲಸ ಹಿಡಿಯುವವರು. ಮನೆ ಸಾಯನ್ ಕೋಳಿವಾಡದ ಒಂದು ಗಲ್ಲಿಯಲ್ಲಿ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ವಿಷಯವನ್ನು ನಾವು ಸಭೆಗಳಲ್ಲಿ ಆಡುವುದು ಕಡಿಮೆ. ಮುಂಬಯಿಯ ಕನ್ನಡ ಶಾಲೆಗಳನ್ನು, ರಾತ್ರಿ ಶಾಲೆಗಳನ್ನು ಒಂದು ಕಾಲದಲ್ಲಿ ತುಂಬಿದವರು ಕರಾವಳಿಯ ಹುಡುಗರು. ಹಗಲು ಹೋಟೆಲ್ಲಿನಲ್ಲಿ ಗ್ಲಾಸು ತೊಳೆದು ರಾತ್ರಿ ಮೆಟ್ರಿಕ್ ಓದಿದವರು. ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಇಂದು ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಕೂತವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ದುಡಿಯುವ ಜನರ ಮಕ್ಕಳು. ಈ ನಗರದಲ್ಲಿ ಕನ್ನಡದ ಪಠ್ಯಪುಸ್ತಕ ಹಿಡಿದು ನಡೆಯುವವರು ಅವರು. ನಮ್ಮ ಸಂಘಗಳ ವೇದಿಕೆಯಲ್ಲಿ ಮಾತ್ರ ಅವರು ಕಾಣುವುದು ಅಪರೂಪ. ಈ ಎರಡು ಕನ್ನಡಗಳು ಒಂದೇ ಕೋಣೆಯಲ್ಲಿ ಭೇಟಿಯಾಗುವ ಕಾದಂಬರಿ ಬಂದರೆ ಅದು ಪ್ರೇಮಕತೆಗಿಂತಲೂ ದೊಡ್ಡದೊಂದನ್ನು ಮಾಡೀತು.

ಕತೆಗೆ ಬರುತ್ತೇನೆ. ತರಗತಿಗೆ ಕೊಟ್ಟ ಪ್ರಸಂಗ ‘ಪ್ರಮೀಳಾರ್ಜುನ’. ಹುಡುಗನಿಗೆ ಅರ್ಜುನ ಬೇಕು. ಹುಡುಗಿಗೂ ಅರ್ಜುನನೇ ಬೇಕು. ಗುರುಗಳು ಇಬ್ಬರ ಪದ್ಯ, ಮಾತು, ಹೆಜ್ಜೆ ನೋಡಿ ಅವಳಿಗೆ ಅರ್ಜುನನನ್ನೂ ಅವನಿಗೆ ಪ್ರಮೀಳೆಯನ್ನೂ ಕೊಡುತ್ತಾರೆ. ಗಂಡಸರು ಸ್ತ್ರೀವೇಷ ಕಟ್ಟುವುದು ಯಕ್ಷಗಾನದಲ್ಲಿ ತಲೆತಲಾಂತರದ್ದು, ಅದರಲ್ಲಿ ಅವಮಾನವೇನಿಲ್ಲ. ಆದರೆ ಹದಿನಾರರ ಹುಡುಗನಿಗೆ, ಶಾಲೆಯ ಗೆಳೆಯರು ಫೋಟೋ ನೋಡುತ್ತಾರೆಂದು ತಿಳಿದಾಗ, ಅದು ಮೊದಲು ಅವಮಾನವಾಗಿಯೇ ಕಾಣುತ್ತದೆ. ಅವಳ ಮಾತಿನ ಧಾಟಿಯನ್ನು ಅವನು ಅಣಕಿಸುತ್ತಾನೆ. ಅವನ ಉಚ್ಚಾರವನ್ನು ಅವಳು ಎಲ್ಲರೆದುರು ತಿದ್ದುತ್ತಾಳೆ. ‘ಏನ್ ನಗಾಕತ್ತೀಯೋ, ಮೊದ್ಲ ಶ್ರೀ ಅಂತ ನೆಟ್ಟಗ ಅನ್ನು’ ಎನ್ನುತ್ತಾಳೆ. ವಾರ ವಾರವೂ ಎದುರುಬದುರು ನಿಂತು, ಅವನು ಹೆಣ್ಣಾಗಿ ಅವಳು ಗಂಡಾಗಿ, ಒಬ್ಬರನ್ನೊಬ್ಬರು ಮಾತಿನಲ್ಲಿ ಕಟ್ಟಿಹಾಕಬೇಕು. ತನ್ನ ರಾಜ್ಯವನ್ನು ತಾನೇ ಆಳುವ ಹೆಣ್ಣಿನ ಮಾತನ್ನು ಬಾಯಿಪಾಠ ಮಾಡುತ್ತ ಮಾಡುತ್ತ ಆ ಹುಡುಗನೊಳಗೆ ಏನಾಗಬಹುದು? ಇದನ್ನೇ ಬರೆಯಿರಿ ಎನ್ನುತ್ತಿಲ್ಲ. ಆದರೆ ಇಂಥದೊಂದು ಗಟ್ಟಿ ಕಾರಣ ಜಗಳಕ್ಕಿರಲಿ. ತಪ್ಪು ತಿಳುವಳಿಕೆಯೊಂದನ್ನೇ ಇನ್ನೂರು ಪುಟ ಎಳೆದರೆ ಮಕ್ಕಳು ಒಪ್ಪುವುದಿಲ್ಲ, ಅವರು ಚುರುಕು ಓದುಗರು.

ಈ ಊರು ನಿಮಗೆ ಕೈತುಂಬ ದೃಶ್ಯಗಳನ್ನು ಕೊಡುತ್ತದೆ. ಮನೆಯಲ್ಲಿ ಜಾಗವಿಲ್ಲದ ಮಕ್ಕಳು ರಾತ್ರಿ ಓದುವ ಅಭ್ಯಾಸಿಕೆಗಳನ್ನು ನೋಡಿದ್ದೀರಿ. ಉದ್ದ ಬೆಂಚು, ಟ್ಯೂಬ್‌ಲೈಟು, ಫ್ಯಾನಿನ ಕೆಳಗಿನ ಜಾಗಕ್ಕೆ ಪೈಪೋಟಿ. ಅವಳ ಜಾಗದಲ್ಲಿ ಒಂದು ಸಂಜೆ ಅವನು ಕೂತಿದ್ದರೆ ಸಾಕು, ಒಂದು ಅಧ್ಯಾಯ ಆಯಿತು. ಸ್ಪರ್ಧೆಗೆಂದು ಡೊಂಬಿವಲಿಗೆ ಹೊರಟ ದಿನ ಅವಳು ಲೇಡೀಸ್ ಡಬ್ಬಿ ಹತ್ತುತ್ತಾಳೆ, ಅವನು ಜನರಲ್. ಜಗಳ ಕುರ್ಲಾದಲ್ಲಿ ಅರ್ಧಕ್ಕೆ ನಿಂತು ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಮುಂದುವರಿಯಬೇಕು. ನಡುವಿನ ನಿಲ್ದಾಣಗಳಲ್ಲಿ ಇಬ್ಬರೂ ಒಬ್ಬೊಬ್ಬರೇ ಕೂತು ಮುಂದಿನ ಮಾತು ಹೊಂದಿಸುತ್ತಾರೆ. ಹುಡುಗ ಹುಡುಗಿಯ ನಡುವೆ ಇಷ್ಟು ಅಂತರವನ್ನು ತಾನಾಗಿಯೇ ಇಟ್ಟಿರುವ ನಗರ ಕತೆಗಾರರಿಗೆ ಎಲ್ಲಿ ಸಿಗುತ್ತದೆ? ಮಾಟುಂಗಾ ಇದೆ, ಹೂವಿನ ಅಂಗಡಿಗಳ ಸಾಲು, ಶನಿವಾರದ ಇಡ್ಲಿ ಕಾಫಿ, 1926ರಿಂದ ನಡೆದುಬಂದ ಮೈಸೂರು ಅಸೋಸಿಯೇಷನ್. ಸೆಂಟ್ರಲ್ ಲೈನಿನ ಮಾಟುಂಗಾ ನಿಲ್ದಾಣವನ್ನು 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ. ಪ್ರಮೀಳೆಯ ಪಾತ್ರ ಕಲಿಯುವ ಹುಡುಗ ಪ್ರತಿ ಶನಿವಾರ ಅಲ್ಲೇ ಇಳಿಯಲಿ.

ಈಗ ಹಿರಿಯರ ಅಂಜಿಕೆಯ ಮಾತು. ಇಂಥ ಪುಸ್ತಕ ಬಂದರೆ ‘ಮಕ್ಕಳಿಗೆ ಲಫಡಾ ಕಲಿಸುತ್ತೀರಾ’ ಎಂದು ಕೇಳುವವರು ನಮ್ಮ ನಡುವೆ ಇದ್ದಾರೆ. ಅವರ ಅಂಜಿಕೆಯಲ್ಲಿ ಒಂದು ಭಾಗ ನ್ಯಾಯವಾದದ್ದು: ಓದು ಕೆಡುತ್ತದೆ, ಮಗಳಿಗೆ ಯಾರೋ ಮೋಸ ಮಾಡುತ್ತಾರೆ, ಫೋಟೋ ಎಲ್ಲೆಲ್ಲೋ ಹೋಗುತ್ತದೆ. ಇನ್ನೊಂದು ಭಾಗ ಬಾಯಿಬಿಟ್ಟು ಹೇಳದೆ ಉಳಿಯುತ್ತದೆ, ಅದು ಜಾತಿಯ ಅಂಜಿಕೆ. ಮುಂಬಯಿಯಲ್ಲಿ ನಮ್ಮನ್ನು ಸಾಕಿ ನಿಲ್ಲಿಸಿದ ಸಂಘಗಳಲ್ಲಿ ಬಹಳಷ್ಟು ಒಂದೊಂದು ಸಮಾಜದ ಸಂಘಗಳು. ಅವು ಶಾಲೆ ಕಟ್ಟಿವೆ, ವಿದ್ಯಾರ್ಥಿವೇತನ ಕೊಟ್ಟಿವೆ, ಆಸ್ಪತ್ರೆಯ ಬಿಲ್ಲು ತುಂಬಿವೆ. ಆ ಋಣ ಸಣ್ಣದಲ್ಲ. ಅದೇ ಸಂಘಗಳು ವಧೂವರರನ್ನೂ ಕೂಡಿಸುತ್ತವೆ, ತಮ್ಮ ತಮ್ಮೊಳಗೆ. ನಿಮ್ಮ ಕಾದಂಬರಿಯ ಹುಡುಗ ಹುಡುಗಿಗೆ ಈ ಗೋಡೆ ಕಾಣದಿದ್ದರೆ ಕತೆ ಸುಳ್ಳಾಗುತ್ತದೆ. ಹದಿನಾರರಲ್ಲಿ ಅವರು ಅದನ್ನು ಒಡೆದು ಹಾಕಬೇಕಿಲ್ಲ, ಮದುವೆಯ ಮಾತು ಅಲ್ಲಿ ಬರಲೂ ಬಾರದು. ಗೋಡೆ ಇದೆ ಎಂದು ಇಬ್ಬರಿಗೂ ಗೊತ್ತಾಗುವ ಒಂದು ಸಂಜೆ ಇರಲಿ, ಅವರು ಅದನ್ನು ಕುರಿತು ಪ್ರಾಮಾಣಿಕವಾಗಿ ಮಾತಾಡಲಿ. ನನ್ನ ತರಗತಿಯ ಮಕ್ಕಳಿಗೆ ಇದು ಗೊತ್ತೇ ಇದೆ. ದೊಡ್ಡವರು ಗೊತ್ತಿಲ್ಲದಂತೆ ಇರುವುದನ್ನೂ ಅವರು ಕಂಡಿದ್ದಾರೆ.

ಮನೆಮಂದಿಯೆಲ್ಲ ಓದಬಹುದಾದ ಕತೆ ಬೇಕೆಂದು ಮೊದಲಿಗೇ ಹೇಳಿದೆ. ಅದು ಪೋಷಕರನ್ನು ಸಮಾಧಾನಪಡಿಸಲು ಹಾಕಿದ ಶರತ್ತೇನಲ್ಲ. ಆ ವಯಸ್ಸಿನಲ್ಲಿ ಪ್ರೀತಿಯ ಹೆಚ್ಚಿನ ಪಾಲು ನಡೆಯುವುದೇ ಒಳಗೆ: ಹೆಸರು ಕೇಳಿದರೆ ಕಿವಿ ನಿಮಿರುವುದು, ಬೇಡವಾದ ದಾರಿಯಲ್ಲಿ ಸುತ್ತಿ ಹೋಗುವುದು, ಮೆಸೇಜು ಬರೆದು ಅಳಿಸುವುದು. ಇವನ್ನು ಸೂಕ್ಷ್ಮವಾಗಿ ಬರೆಯಬಲ್ಲವರಿಗೆ ಮತ್ತೇನೂ ಬೇಕಾಗುವುದಿಲ್ಲ. ಇದರ ಜೊತೆಗೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು, ದೈಹಿಕ ಸಂಬಂಧದ ವಿಷಯದಲ್ಲಿ ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಮಕ್ಕಳಿಗೆ ಬರೆಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು. ಹಾಗೆಂದು ಪ್ರತಿ ಅಧ್ಯಾಯದ ಕೊನೆಗೆ ನೀತಿ ಹೇಳುವ ಅತ್ತೆಯೊಬ್ಬರನ್ನು ತರಬೇಡಿ. ಒಬ್ಬ ಒಳ್ಳೆಯ ಹಿರಿಯರಿದ್ದರೆ ಸಾಕು, ಕೇಳಿದಾಗ ಮಾತ್ರ ಮಾತಾಡುವವರು.

ಭಾಷೆಯ ಬಗ್ಗೆ ಒಂದೇ ಕೋರಿಕೆ. ಸಂಭಾಷಣೆಯನ್ನು ಮಡಿ ಮಾಡಬೇಡಿ. ಹುಡುಗನ ಬಾಯಲ್ಲಿ ತುಳು ಬರಲಿ, ಹುಡುಗಿಯ ಬಾಯಲ್ಲಿ ವಿಜಯಪುರದ ಕನ್ನಡ ಬರಲಿ, ವಡಾಪಾವಿನ ಗಾಡಿಯೆದುರು ಇಬ್ಬರೂ ಬಂಬಯ್ಯಾ ಹಿಂದಿಯಲ್ಲಿ ಕಚ್ಚಾಡಲಿ. ನಿರೂಪಣೆಯ ಕನ್ನಡ ಮಾತ್ರ ತಿಳಿಯಾಗಿರಲಿ, ವಾಕ್ಯ ಚಿಕ್ಕದಿರಲಿ. ಅಕ್ಷರ ಈಗಷ್ಟೇ ಕಲಿತವರೂ ಓದುತ್ತಾರೆ. ಅಕ್ಷರ ದೊಡ್ಡದಾಗಿ ಅಚ್ಚಾಗಲಿ.

ಪ್ರಕಾಶಕರು ಸಿಗುವುದಿಲ್ಲ ಎನ್ನಬೇಡಿ. 1965ರಲ್ಲಿ ಹುಟ್ಟಿದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಧಾರಾವಾಹಿಗಳ ಮೂಲಕವೇ ಓದುಗರನ್ನು ಬೆಳೆಸಿದವು. ಮುಂದೇನಾಯಿತೆಂದು ತಿಳಿಯಲು ಅಕ್ಕ ತಂಗಿಯರು ಪತ್ರಿಕೆಗೆ ಜಗಳವಾಡಿದ ಮನೆಗಳು ಈ ಮುಂಬಯಿಯಲ್ಲೂ ಇದ್ದವು. ನಮ್ಮಲ್ಲೇ ‘ಮೊಗವೀರ’, ‘ಅಕ್ಷಯ’, ‘ನೇಸರು’ ಮುಂತಾದ ಮಾಸಪತ್ರಿಕೆಗಳು ಬಂದಿವೆ. ಸಂಘದ ಸುದ್ದಿ, ಸನ್ಮಾನದ ಫೋಟೋಗಳ ನಡುವೆ ತಿಂಗಳಿಗೆ ಆರು ಪುಟ ಮಕ್ಕಳ ಕಾದಂಬರಿಗೆಂದು ಸಂಪಾದಕರನ್ನು ಕೇಳಿ, ನಾನೂ ನಿಮ್ಮ ಜೊತೆ ಬಂದು ಕೇಳುತ್ತೇನೆ. ಹನ್ನೆರಡು ಕಂತು ಮುಗಿಯುವಷ್ಟರಲ್ಲಿ ಪುಸ್ತಕ ಸಿದ್ಧ.

ಬರೆದದ್ದನ್ನು ಅಚ್ಚಿಗೆ ಮುನ್ನ ಮಕ್ಕಳಿಂದ ಓದಿಸಿ. ಮುಲುಂಡಿನ ನನ್ನ ತರಗತಿಯ ಬಾಗಿಲು ಭಾನುವಾರ ಹತ್ತು ಗಂಟೆಗೆ ತೆರೆದಿರುತ್ತದೆ. ಹಸ್ತಪ್ರತಿಯ ಒಂದು ಅಧ್ಯಾಯ ತಂದು ಗಟ್ಟಿಯಾಗಿ ಓದಿ. ಎಲ್ಲಿ ಬೇಸರವಾಯಿತು, ಎಲ್ಲಿ ಹುಡುಗ ಅತಿಯಾಡಿದ, ಎಲ್ಲಿ ಹುಡುಗಿ ಸುಮ್ಮನಿರಬಾರದಿತ್ತು ಎಂದು ಅವರೇ ಹೇಳುತ್ತಾರೆ. ಸಾಯನ್, ವಡಾಲಾ ಕಡೆಯ ಕನ್ನಡ ಶಾಲೆಗಳ ಶಿಕ್ಷಕರನ್ನೂ ಕೇಳಿಕೊಂಡು, ಅಲ್ಲಿನ ಮಕ್ಕಳೆದುರಿಗೂ ಒಂದು ಓದು ಏರ್ಪಡಿಸೋಣ. ಮೊದಲ ಕಂತು ಜೂನಿನಲ್ಲಿ, ಶಾಲೆ ತೆರೆಯುವ ಹೊತ್ತಿಗೆ ಬಂದರೆ ಒಳ್ಳೆಯದು. ಆ ಸಂಚಿಕೆಯ ಪ್ರತಿಗಳನ್ನು ಮಕ್ಕಳ ಕೈಗೆ ತಲುಪಿಸುವ ಕೆಲಸ ನನ್ನದು.

ಇಂತಿ,
ಭಾನುವಾರದ ಕನ್ನಡ ತರಗತಿಯ ಟೀಚರ್,
ಮುಲುಂಡ್